ಅಳಿವೆಯ ಹೊತ್ತು

ಕಡಲಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ದೋಣಿ ಒಯ್ಯುವವರು ಲೆಕ್ಕವನ್ನು ಮುಟ್ಟುವ ಊರಿನಿಂದ ಶುರುಮಾಡಬೇಕು. ಅಲ್ಲಿಯ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಿಯಲ್ಲಿ, ನೀರು ಯಾವಾಗ ಏರುತ್ತದೆ, ಎಷ್ಟು ಹೊತ್ತಿನ ತನಕ ಒಳಗೆ ಹೋಗಬಹುದು ಎಂಬುದನ್ನು ಮೊದಲು ಬರೆದುಕೊಂಡು ಹಿಂದಕ್ಕೆ ಎಣಿಸುತ್ತ ಬಂದರೆ, ಹೊರಡುವ ಹೊತ್ತು ತಾನಾಗಿಯೇ ಸಿಗುತ್ತದೆ. ನಾನು ಹೊರಡುವ ಊರಿನಿಂದ ಎಣಿಸಿದೆ. ಅದರ ಫಲವಾಗಿ ನನ್ನ ತಂಗಿಯ ಮಗನ ಬಲಗೈ ಮುರಿಯಿತು. ನಾವು ಮೂವರು ಜೀವಂತ ಉಳಿದದ್ದು ಹೊನ್ನಾವರದ ಹತ್ತಿರ ಕಾಸರಕೋಡದ ಒಬ್ಬ ತಾಂಡೇಲರಿಂದ, ಅಂದರೆ ಬೋಟು ನಡೆಸುವವರಿಂದ.

ನನ್ನದು ಅಘನಾಶಿನಿ ಹೊಳೆ ದಂಡೆಯ ಊರು, ಕುಮಟಾ ತಾಲೂಕು. ಶಾಲೆಗೆ ಹೋಗಿದ್ದು ತಾರಿ ದೋಣಿಯಲ್ಲಿ, ಕಾಂಡ್ಲಾ ಗಿಡಗಳ ನಡುವೆ ಏಡಿ ಹಿಡಿದದ್ದು ಅದೇ ನೀರಿನಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ಸ್ವಂತಕ್ಕೊಂದು ದೋಣಿ ಬೇಕು ಅನ್ನಿಸಿತು. ಗಜನಿ ಗದ್ದೆಗಳ ಬದಿಗೆ ಸುತ್ತಬೇಕು, ಅಳಿವೆ ದಾಟಿ ಗೋಕರ್ಣದ ಕಡೆಗೆ ಒಂದು ಸುತ್ತು ಹೋಗಿಬರಬೇಕು, ನೆಂಟರು ಬಂದಾಗ ಕೂರಿಸಿಕೊಂಡು ತಿರುಗಿಸಬೇಕು ಎಂಬಷ್ಟೇ ಆಸೆ. ಹೊಳೆ ನೀರಿನಲ್ಲಿ ಬೆಳೆದವನಿಗೆ ಕಡಲೂ ಗೊತ್ತು ಎಂಬ ನಂಬಿಕೆ ನನ್ನಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಒಮ್ಮೆಯೂ ಪರೀಕ್ಷೆಗೆ ಒಡ್ಡಿರಲಿಲ್ಲ. ಹೊಳೆಯಲ್ಲಿ ತಪ್ಪಿದರೆ ಕೆಸರಿಗೆ ಹತ್ತಿ ನಿಲ್ಲುತ್ತೇವೆ, ಆರು ತಾಸು ಕಾದರೆ ದೋಣಿ ತಾನೇ ಏಳುತ್ತದೆ. ಕಡಲು ಹಾಗೆ ಕಾಯಲು ಬಿಡುವುದಿಲ್ಲ.

ದೋಣಿ ಸಿಕ್ಕಿದ್ದು ಮಲ್ಪೆಯಲ್ಲಿ. 22 ಅಡಿಯ ಫೈಬರ್ ದೋಣಿ, ಹಿಂದೆ 60 ಅಶ್ವಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್, ಒಳಗೇ ಕೂರಿಸಿದ 90 ಲೀಟರಿನ ಟ್ಯಾಂಕು. ಮಳೆಗಾಲದಿಂದ ಹೊಳೆಯಲ್ಲಿ ಕಟ್ಟಿಹಾಕಿಯೇ ಇತ್ತು. "ಒಳ್ಳೆ ಕಡಲಿದ್ರೆ ಇಪ್ಪತ್ತು ನಾಟ್ ಹೋಗ್ತದೆ ಸರ್" ಎಂದು ಮಾರಿದವರು ಹೇಳಿದರು. ಅದು ಸುಳ್ಳಲ್ಲ. ಅವರು "ಒಳ್ಳೆ ಕಡಲಿದ್ರೆ" ಎಂದು ಹೇಳಿದ್ದರು, ನನ್ನ ಕಿವಿ ಹಿಡಿದಿಟ್ಟುಕೊಂಡದ್ದು ಇಪ್ಪತ್ತನ್ನು ಮಾತ್ರ. ಲಾರಿ ಮೇಲೆ ತರಿಸುವುದು ಸುಲಭವಿತ್ತು. ಆದರೆ ನನ್ನ ದೋಣಿಯನ್ನು ನಾನೇ ಕಡಲ ಮೇಲಿಂದ ನಮ್ಮ ಹೊಳೆಯ ಬಾಯಿಯಲ್ಲಿರುವ ತದಡಿಗೆ ತರಬೇಕು ಎಂಬ ಹಟ ಹತ್ತಿತು.

ಮಲ್ಪೆಯಿಂದ ತದಡಿಗೆ ಕಡಲಿನ ದಾರಿ ಸುಮಾರು 73 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್, ತಾಸಿಗೆ ಅಂಥ ಒಂದು ಮೈಲು ಹೋದರೆ ಒಂದು ನಾಟ್. ಇಪ್ಪತ್ತು ಎಂದರೆ ನಾನು ಹದಿನೆಂಟು ಹಿಡಿಯುತ್ತೇನೆ ಎಂದು ಧಾರಾಳವಾಗಿ ಎರಡು ಬಿಟ್ಟೆ. ನಾಲ್ಕು ತಾಸಿನ ದಾರಿ, ತಾಸಿಗೆ 15 ಲೀಟರ್, ಒಟ್ಟು 60 ಲೀಟರ್. ಟ್ಯಾಂಕಿನಲ್ಲಿ 90, ಜೊತೆಗೆ 20 ಲೀಟರಿನ ಒಂದು ಕ್ಯಾನು. ಕಾಗದದ ಮೇಲೆ ಗುಣಾಕಾರ, ಭಾಗಾಕಾರ ಎಲ್ಲವೂ ಸರಿಯಾಗಿದ್ದವು. ದತ್ತಾಂಶ ತಪ್ಪಿದ್ದರೆ ಉತ್ತರ ಎಷ್ಟು ನೀಟಾಗಿದ್ದರೂ ಸೊನ್ನೆ ಎಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟವನು ನಾನೇ. ಆ ಕಾಗದದಲ್ಲಿ ಗಾಳಿ ಇರಲಿಲ್ಲ, ಅಲೆ ಇರಲಿಲ್ಲ, ಮೂರು ಆಳು ಮತ್ತು ಸಾಮಾನಿನ ಭಾರ ಇರಲಿಲ್ಲ, ತಿಂಗಳುಗಟ್ಟಲೆ ನೀರಿನಲ್ಲಿ ನಿಂತು ದೋಣಿಯ ತಳಕ್ಕೆ ಹತ್ತಿದ್ದ ಚಿಪ್ಪು, ಪಾಚಿ ಇರಲಿಲ್ಲ. ಭರತ–ಇಳಿತದ ಹೊತ್ತೂ ಇರಲಿಲ್ಲ.

ಅದರಲ್ಲಿ ಇದ್ದದ್ದು ಮುಹೂರ್ತ. ಮಾಘ ಹುಣ್ಣಿಮೆ ಒಳ್ಳೆಯ ದಿನ ಎಂದು ಪಂಚಾಂಗ ನೋಡಿ ಗೊತ್ತುಮಾಡಿದೆ. ಮಧ್ಯಾಹ್ನ ಮೂರಕ್ಕೆ ತದಡಿ ದಕ್ಕೆಗೆ ಬನ್ನಿ, ದೋಣಿಪೂಜೆ, ಆಮೇಲೆ ಮನೆಯಲ್ಲಿ ಊಟ ಎಂದು ಊರಿಗೆಲ್ಲ ಹೇಳಿದೆ. ಭಟ್ಟರಿಗೂ ಹೇಳಿದೆ, ಹೂವಿಗೂ ಹೇಳಿದೆ. ಇಡೀ ಯೋಜನೆಯಲ್ಲಿ ಅತ್ಯಂತ ಅಪಾಯದ ಸಾಮಾನು ಈ ಮೂರು ಗಂಟೆಯೇ ಆಗಿತ್ತು ಎಂದು ಈಗ ನನಗೆ ಖಾತ್ರಿಯಾಗಿದೆ. ಇಂಜಿನ್ ಕೆಟ್ಟರೆ ಯಾರಾದರೂ ಎಳೆದು ತರುತ್ತಾರೆ. ದಂಡೆಯಲ್ಲಿ ಜನ ಕಾಯುತ್ತಿದ್ದಾರೆ ಎಂಬ ಯೋಚನೆ ತಲೆಯಲ್ಲಿ ಕೂತುಬಿಟ್ಟರೆ ಅದನ್ನು ಹೊರಗೆಳೆಯುವವರು ಯಾರೂ ಇಲ್ಲ.

ಬೆಳಿಗ್ಗೆ ಆರೂವರೆಗೆ ಹೊರಡಬೇಕಿತ್ತು. ದಕ್ಕೆಯ ಬಳಿ ನಾವು ಹೋದ ಬಂಕಿನಲ್ಲಿ ಡೀಸೆಲ್ ಬಿಟ್ಟರೆ ಬೇರೆ ಇರಲಿಲ್ಲ. ಪೆಟ್ರೋಲನ್ನು ಪೇಟೆಯಿಂದ ಕ್ಯಾನುಗಳಲ್ಲಿ ರಿಕ್ಷಾದಲ್ಲಿ ಹೊತ್ತು ತಂದೆವು. ಕಾಗದಪತ್ರದ ಸಹಿ, ಬ್ಯಾಟರಿಯ ಸಡಿಲ ವಯರು, ಒಂದು ತಿಂಡಿ ಎಂದು ಹತ್ತು ಗಂಟೆಯಾಯಿತು. ಮೂರೂವರೆ ತಾಸು ತಡ. ಹಾಗಾದರೆ ಇವತ್ತು ಗಂಗೊಳ್ಳಿಯವರೆಗೆ ಮಾತ್ರ ಎಂದು ಆಗಲೇ ಹೇಳಿಬಿಡಬಹುದಿತ್ತು. ನಾನು ತದಡಿಗೆ ಫೋನು ಮಾಡಿ ಪೂಜೆಯನ್ನು ನಾಲ್ಕಕ್ಕೆ ಸರಿಸಿದೆ.

ಮೊದಲ ಎರಡು ತಾಸು ಕಡಲು ಎಣ್ಣೆ ಹೊಯ್ದ ಹಾಗೆ ಇತ್ತು. ಎಡಕ್ಕೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಹಿಂದೆ ಸರಿದವು. ದೋಣಿ ಹದಿನೆಂಟು ಮುಟ್ಟಲಿಲ್ಲ, ಹದಿನಾಲ್ಕಕ್ಕೇ ನಿಂತಿತು. ನಮಗೆ ಹೊಸದು, ಆಮೇಲೆ ಪಳಗುತ್ತದೆ ಎಂದುಕೊಂಡೆ. ನನ್ನ ಲೆಕ್ಕದ ಪ್ರಕಾರ ಒಂದು ಮೈಲಿಗೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಸಾಕಿತ್ತು. ತಾಸಿಗೆ 17 ಲೀಟರ್ ಸುಟ್ಟು 14 ಮೈಲು ಹೋಗುತ್ತಿದ್ದಾಗ ಮೈಲಿಗೆ 1.2 ಲೀಟರ್ ಆಗುತ್ತಿತ್ತು. ಅಲ್ಲೇ ಕೂತು ಭಾಗಿಸಿದ್ದರೆ ಗೊತ್ತಾಗುತ್ತಿತ್ತು. ಭಾಗಿಸಲಿಲ್ಲ.

ಗಾಳಿ ಎದ್ದದ್ದು ಹನ್ನೆರಡೂವರೆಗೆ. ಮಳೆಗಾಲ ಮುಗಿದು ಮತ್ತೆ ಮಳೆ ಹಿಡಿಯುವ ತನಕ ನಮ್ಮ ಕರಾವಳಿಯಲ್ಲಿ ಇದು ಹೆಚ್ಚುಕಮ್ಮಿ ದಿನದ ಕ್ರಮ. ರಾತ್ರಿ ನೆಲ ತಣಿಯುತ್ತದೆ, ಬೆಳಗಿನ ಜಾವ ನೆಲಗಾಳಿ ಮೆಲ್ಲಗೆ ಕಡಲಿಗೆ ಬೀಸುತ್ತದೆ, ಆಗ ಅಲೆ ಇರುವುದಿಲ್ಲ. ಹೊತ್ತೇರಿದ ಮೇಲೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಅದು ವಾಯವ್ಯದಿಂದ ಬಲವಾಗಿ ಬಂದು ಸಂಜೆಯ ತನಕ ನಿಲ್ಲುವುದಿಲ್ಲ. ಮಲ್ಪೆಯಿಂದ ತದಡಿಗೆ ಹೋಗುವ ದಾರಿಯೂ ಉತ್ತರ–ವಾಯವ್ಯವೇ. ಅಂದರೆ ದಿನದ ಅತಿ ಕೆಟ್ಟ ಗಾಳಿಯನ್ನು ಮುಖಕ್ಕೆ ಕೊಟ್ಟುಕೊಂಡು ಹೋಗುವ ಹಾಗೆ ನಾನು ಹೊತ್ತು ಇಟ್ಟುಕೊಂಡಿದ್ದೆ. ಹಿಂದಿನ ದಿನ ಮೊಬೈಲಿನಲ್ಲಿ ಹವೆ ನೋಡಿದ್ದೆ: ಮಳೆ ಇಲ್ಲ, ಬಿಸಿಲು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಅಲೆಯ ಅಂತರ, ಗಾಳಿಯ ದಿಕ್ಕು ಎಲ್ಲವನ್ನೂ ಮೀನುಗಾರರಿಗೆಂದೇ ಮುಂಚಿತವಾಗಿ ತಿಳಿಸುತ್ತದೆ. ಅದನ್ನು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಭಟ್ಕಳದ ನೇರಕ್ಕೆ ಬಂದಾಗ ಒಂದು ಗಂಟೆಯ ಸುಮಾರು. ಅಲೆಯ ತಲೆಗಳು ಬೆಳ್ಳಗೆ ಒಡೆಯತೊಡಗಿದ್ದವು. ವೇಗದಲ್ಲಿ ಹೋದರೆ ದೋಣಿ ಒಂದು ಅಲೆಯಿಂದ ಹಾರಿ ಇನ್ನೊಂದರ ಮೇಲೆ ಬಡಿಯುತ್ತಿತ್ತು, ಹಲ್ಲು ಕಚ್ಚಿ ಕೂತರೂ ಬೆನ್ನುಹುರಿಯಲ್ಲಿ ಪೆಟ್ಟು ಗೊತ್ತಾಗುತ್ತಿತ್ತು. ವೇಗ ಇಳಿಸಿದರೆ ಮೂತಿ ಏರಿ, ಹಿಂಬದಿ ಕುಸಿದು, ನೀರನ್ನು ನೂಕಿಕೊಂಡು ಹೋಗುತ್ತಿತ್ತು. ತಂಗಿಯ ಮಗ, ಅಂದರೆ ನನ್ನ ಅಳಿಯ, ಸೀಟಿನ ಕೆಳಗಿಂದ ಲೈಫ್ ಜಾಕೆಟ್ಟುಗಳನ್ನು ತೆಗೆದು ತಾನೂ ಹಾಕಿಕೊಂಡು ನಮಗೂ ಹಾಕಿಸಿದ. ಆಮೇಲೆ ಹೇಳಿದ: "ಮಾವ, ಭಟ್ಕಳ ಬಂದರಕ್ಕೆ ಹೋಗಿ ನಿಲ್ಲುವ. ನಾಳೆ ಬೆಳಿಗ್ಗೆ ಹೋದ್ರಾಯ್ತು."

ಆ ಮಾತನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅದು ಹೆದರಿದವನ ಮಾತಾಗಿರಲಿಲ್ಲ. ಇಪ್ಪತ್ತೆರಡರ ಹುಡುಗ, ಈಜು ಬಲ್ಲವನು, ಗಾಳಿಯನ್ನೂ ಟ್ಯಾಂಕಿನ ಮುಳ್ಳನ್ನೂ ನೋಡಿಯೇ ಹೇಳಿದ್ದ. ಆಗಷ್ಟೇ ಭರತ ತುಂಬಿ ತಿರುಗಿತ್ತು, ಭಟ್ಕಳದ ಬಾಯಿಯಲ್ಲಿ ನೀರು ಬೇಕಾದಷ್ಟಿತ್ತು. ತಿರುಗಿದ್ದರೆ ಅರ್ಧ ತಾಸಿನಲ್ಲಿ ನಾವು ದಕ್ಕೆಯಲ್ಲಿ ಚಹಾ ಕುಡಿಯುತ್ತಿದ್ದೆವು. ನಾನು ಹೇಳಿದೆ: "ತಮಾ, ಅಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ. ಇನ್ನು ಎಷ್ಟು ದೂರ?" ಜೊತೆಗಿದ್ದ ನನ್ನ ಬಾಲ್ಯದ ಗೆಳೆಯ ಇಬ್ಬರ ಮುಖವನ್ನೂ ನೋಡಿ ಸುಮ್ಮನಾದ. ಮಾವನೆಂಬ, ಮಾಸ್ತರನೆಂಬ ಗೌರವಕ್ಕೆ ಅವರಿಬ್ಬರೂ ಎದುರಾಡಲಿಲ್ಲ. ದೋಣಿಯಲ್ಲಿ ಆ ಗೌರವ ನನಗೆ ಸಿಗಬಾರದಿತ್ತು. ಇಂತಿಷ್ಟು ಹೊತ್ತಿಗೆ ಇಂಥಲ್ಲಿ ಇರದಿದ್ದರೆ ಒಳಗೆ ತಿರುಗಿಸುವುದು ಎಂದು ಹಿಂದಿನ ರಾತ್ರಿಯೇ ಮೂವರೂ ಕೂತು ಬರೆದಿಟ್ಟಿದ್ದರೆ, ಅಳಿಯ ಮಾವನನ್ನು ಎದುರಿಸಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ. ಕಾಗದ ಹೇಳುತ್ತಿತ್ತು, ಎಲ್ಲರೂ ಕೇಳುತ್ತಿದ್ದೆವು.

ಮುರುಡೇಶ್ವರದ 237 ಅಡಿಯ ಗೋಪುರ ಬಲಕ್ಕೆ ಕಾಣಿಸಿತು. ಕಾಣಿಸಿದ್ದು ಅಲ್ಲೇ ನಿಂತಿತು. ಹತ್ತು ನಿಮಿಷ ಬಿಟ್ಟು ನೋಡಿದರೂ ಅಲ್ಲೇ. ವೇಗ ಏಳು ನಾಟಿಗೆ ಇಳಿದಿತ್ತು. ತಾಸಿಗೆ 12 ಲೀಟರ್ ಸುಟ್ಟು ಏಳು ಮೈಲು. ನಾನು ಬರೆದುಕೊಂಡಿದ್ದಕ್ಕಿಂತ ಮೈಲಿಗೆ ಎರಡು ಪಟ್ಟು ಪೆಟ್ರೋಲ್ ಹೋಗುತ್ತಿತ್ತು. ನೀರಿನ ಮೇಲೆ ತೇಲಿ ಜಾರುವಂತೆ ಮಾಡಿದ ದೋಣಿಯನ್ನು ಜಾರುವ ವೇಗಕ್ಕಿಂತ ತುಸು ಕೆಳಗೆ ಓಡಿಸಿದರೆ ಉಳಿತಾಯವಾಗುವುದಿಲ್ಲ, ದುಂದಾಗುತ್ತದೆ ಎಂದು ಆ ಮಧ್ಯಾಹ್ನ ಮೊದಲ ಬಾರಿಗೆ ಅರಿವಾಯಿತು.

ಅಷ್ಟರಲ್ಲಿ ಇಂಜಿನ್ ಕೆಮ್ಮಿತು. ಮತ್ತೆ ಹಿಡಿಯಿತು, ಮತ್ತೆ ಕೆಮ್ಮಿತು, ನಿಂತಿತು. ಫಿಲ್ಟರಿನ ಕೆಳಗಿನ ಪಾರದರ್ಶಕ ಬಟ್ಟಲನ್ನು ಅಳಿಯ ಬಿಚ್ಚಿ, ಬಾಯಿ ಕತ್ತರಿಸಿದ ನೀರಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದ. ಮೇಲೆ ತಿಳಿ ಹಳದಿ ಪೆಟ್ರೋಲು, ಅದರ ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ತಳದಲ್ಲಿ ಕಾಫಿ ಗಸಿಯಂಥ ಕಂದು ಪುಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನ ದೋಣಿ ಮಳೆಗಾಲವೆಲ್ಲ ನಿಂತರೆ ನೀರು ಹೆಚ್ಚಾಗಿ, ಎಥನಾಲಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಸಪಾಟು ನೀರಿನಲ್ಲಿ ಪರೀಕ್ಷೆಗೆಂದು ಓಡಿಸಿದರೆ ಆ ಗಸಿ ಏಳುವುದೇ ಇಲ್ಲ. ಅಲೆಯ ಮೇಲೆ ತಾಸುಗಟ್ಟಲೆ ಕುಲುಕಿದಾಗ ಎದ್ದು, ಟ್ಯಾಂಕು ಬರಿದಾಗುತ್ತ ಬಂದ ಹಾಗೆ ಇಂಜಿನ್ನಿಗೆ ಸೇರುತ್ತದೆ. ಹಳೆಯ ದೋಣಿ ಕೊಂಡವರಿಗೆ ಇದು ಬಹಳ ಸಲ ಆಗುವ ತೊಂದರೆಯಂತೆ, ಆಗುವುದೂ ಇಂಥ ಕಡಲಿನಲ್ಲಿಯೇ. ಬದಲಿ ಫಿಲ್ಟರ್ ಇರಲಿಲ್ಲ. ಇದ್ದದ್ದನ್ನೇ ಒರೆಸಿ ಹಾಕಿ, ಕ್ಯಾನಿನ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು ಮತ್ತೆ ಹೊರಟೆವು. ಒಳ್ಳೆಯ ಪೆಟ್ರೋಲನ್ನು ಕೊಳೆಯ ಮೇಲೆ ಸುರಿಯುವ ಬದಲು, ಕ್ಯಾನಿನಿಂದಲೇ ಇಂಜಿನ್ನಿಗೆ ನಳಿಗೆ ಹಾಕಬಹುದಿತ್ತು. ಗಡಿಬಿಡಿಯಲ್ಲಿ ಅದೂ ತೋಚಲಿಲ್ಲ.

ತದಡಿ ಆಗುವುದಿಲ್ಲ, ಹೊನ್ನಾವರಕ್ಕೆ ಒಳಗೆ ಹೋಗುವುದು ಎಂದು ತೀರ್ಮಾನಿಸಿದಾಗ ನಾಲ್ಕೂವರೆ.

ಶರಾವತಿಯ ಅಳಿವೆಯ ಬಗ್ಗೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಹೊಳೆ ತಂದ ಮರಳು, ಕಡಲು ನೂಕಿದ ಮರಳು ಬಾಯಿಯಲ್ಲಿ ದಿಬ್ಬವಾಗಿ ಕೂರುತ್ತದೆ, ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಅಲ್ಲಿಯ ಬೋಟಿನವರೇ ಕೆಲವೊಮ್ಮೆ ಮರಳಿಗೆ ಹತ್ತಿ ಬೋಟು ಕಳೆದುಕೊಂಡಿದ್ದಾರೆ. ದೂರದಿಂದ ಬರುವ ಅಲೆ ಆ ದಿಬ್ಬದ ಮೇಲೆ ಕಾಲು ತಡೆದು ಎತ್ತರವಾಗುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಹೊಳೆಯಿಂದ ಹೊರಗೆ ಧಾವಿಸುತ್ತಿದ್ದರೆ ಎರಡೂ ಎದುರಾಬದುರಾಗಿ, ಅಲೆ ನೆಟ್ಟಗೆ ನಿಂತು ಒಡೆಯುತ್ತದೆ. ಕಡಲ ಕಡೆಯಿಂದ ಬರುವವನಿಗೆ ಇದು ಕಾಣುವುದಿಲ್ಲ ಎಂಬುದೇ ದೊಡ್ಡ ಮೋಸ. ಅವನಿಗೆ ಕಾಣುವುದು ಅಲೆಯ ಬೆನ್ನು. ಬೆನ್ನು ನುಣ್ಣಗೆ, ಗುಂಡಗೆ ಇರುತ್ತದೆ. ಒಡೆಯುವ ಮುಖ ದಂಡೆಯ ಕಡೆಗಿರುತ್ತದೆ.

ಅಳಿವೆಯ ಹೊರಗೆ ಕೆಲವು ಬೋಟುಗಳು ಇಂಜಿನ್ ನಿಧಾನ ಮಾಡಿ ನಿಂತಿದ್ದವು. ಮೀನು ಬೇರೆ ಮಾಡುತ್ತಿರಬೇಕು ಎಂದುಕೊಂಡು ಅವುಗಳ ನಡುವಿನಿಂದಲೇ ಮುಂದೆ ಹೋದೆ. ಅವು ಭರತಕ್ಕೆ ಕಾಯುತ್ತಿದ್ದವು. ಒಂದು ಬೋಟಿನಿಂದ ಯಾರೋ ಎರಡೂ ಕೈ ಎತ್ತಿ ಅಡ್ಡಡ್ಡ ಆಡಿಸಿದರು. ನಾನೂ ಕೈ ಎತ್ತಿದೆ.

ದಿಬ್ಬದ ಹೊರ ಅಂಚಿಗೆ ಬಂದಾಗ ಇಂಜಿನ್ ಮತ್ತೆ ನಿಂತಿತು. ದೋಣಿ ಅಡ್ಡ ತಿರುಗಿತು. ಹಿಂದಿನಿಂದ ಬಂದ ಅಲೆ ಪಕ್ಕದ ಮೇಲಿಂದ ಒಳಗೆ ಸುರಿದು, ಮೊಣಕಾಲು ಮಟ್ಟ ನೀರು ತುಂಬಿತು. ಪೂಜೆಗೆಂದು ಮಲ್ಪೆಯಲ್ಲಿ ಕೊಂಡಿದ್ದ ತೆಂಗಿನಕಾಯಿಗಳು ತೇಲಿ ನನ್ನ ಕಾಲಿಗೆ ಬಡಿಯುತ್ತಿದ್ದವು. ಅಳಿಯ ಮೂತಿಗೆ ಓಡಿ ಲಂಗರು ಎಸೆದ. ಆಳ ಐದು ಮೀಟರ್ ಇದ್ದೀತು. ಲಂಗರು ಹಿಡಿಯಬೇಕಾದರೆ ಹಗ್ಗ ಆಳದ ಐದರಿಂದ ಏಳು ಪಟ್ಟು ಇರಬೇಕು, ಅಲೆ ಇದ್ದರೆ ಇನ್ನೂ ಹೆಚ್ಚು. ನಮ್ಮ ಹಗ್ಗ ಇಪ್ಪತ್ತೇ ಮೀಟರ್. ಲಂಗರು ಮರಳಿನಲ್ಲಿ ಉಜ್ಜಿಕೊಂಡು ಬಂತು, ಒಂದು ಕ್ಷಣ ಹಿಡಿಯಿತು, ದೋಣಿ ಅಲೆಯ ಮೇಲೆ ಏರಿತು. ಹಗ್ಗ ಜಗ್ಗಿ ಬಿಗಿಯಾದಾಗ ಅಳಿಯನ ಬಲಗೈ ಹಗ್ಗಕ್ಕೂ ಮೂತಿಯ ಕಬ್ಬಿಣದ ಗೂಟಕ್ಕೂ ನಡುವೆ ಇತ್ತು. ಅವನು ಕೂಗಲಿಲ್ಲ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಕುಸಿದು ಕೂತ.

ಕೈ ಆಡಿಸಿದ್ದ ತಾಂಡೇಲರು ಅಷ್ಟರಲ್ಲಿ ತಮ್ಮ ಬೋಟನ್ನು ನಮ್ಮ ಗಾಳಿಯ ಕಡೆಗೆ ತಂದಿದ್ದರು. ಅವರ ಕಲಾಸಿ ಹಗ್ಗ ಎಸೆದ, ನನ್ನ ಗೆಳೆಯ ಹಿಡಿದು ಕಟ್ಟಿದ. ಒಳಗೆ ಎಳೆಯುತ್ತಾರೆ ಎಂದು ನಾನು ಕಾದಿದ್ದೆ. ಅವರು ನಮ್ಮನ್ನು ಹೊರಗೆ ಎಳೆದರು. ದಂಡೆ ಅಷ್ಟು ಹತ್ತಿರ, ಆಸ್ಪತ್ರೆ ಅಷ್ಟು ಹತ್ತಿರ. ಇವರು ಕಡಲಿಗೆ ಎಳೆಯುತ್ತಿದ್ದಾರಲ್ಲ ಎಂದು ನಾನು ಗಟ್ಟಿಯಾಗಿ ಕೂಗಿದೆ. ತಾಂಡೇಲರು ತಿರುಗಿ ನೋಡಲಿಲ್ಲ. ಆಳದ ನೀರಿಗೆ ಬಂದು, ಅಲೆ ಒಡೆಯುವುದು ನಿಂತ ಮೇಲೆ ಇಬ್ಬರು ನಮ್ಮ ದೋಣಿಗೆ ಇಳಿದು ನೀರು ಮೊಗೆದರು. ಅಳಿಯನ ಕೈಗೆ ಹಲಗೆ ಇಟ್ಟು ಬಟ್ಟೆ ಸುತ್ತಿ, ಅವನನ್ನು ತಮ್ಮ ಬೋಟಿಗೆ ಹತ್ತಿಸಿಕೊಂಡರು. ಆಗ ತಾಂಡೇಲರು ಹೇಳಿದರು: "ಮಾಸ್ತರ್ರೆ, ಈಗ ಒಳಗೆ ಹೋದ್ರೆ ಐದೇ ನಿಮಿಷಕ್ಕೆ ಎಲ್ಲಾ ಮುಗೀತದೆ. ಹುಡುಗಂಗೆ ನೋವು ಹೌದು. ನೋವು ತಡ್ಕೊಳ್ಳಲಿ. ಎರಡು ತಾಸು ಕಾಯಬೇಕು."

ಆ ಎರಡು ತಾಸು ಅಳಿಯನ ಪಕ್ಕದಲ್ಲಿ ಕೂತಿದ್ದೆ. ಬಲೆಯ ರಾಶಿಗೆ ಒರಗಿ ಅವನು ಬೆವರುತ್ತಿದ್ದ. ಬೋಟಿನ ವೈರ್‌ಲೆಸ್ಸಿನಿಂದ ದಕ್ಕೆಗೆ ಸುದ್ದಿ ಹೋಗಿತ್ತು. ಸೂರ್ಯ ಮುಳುಗಿತು, ಗಾಳಿ ಇಳಿಯಿತು, ಹುಣ್ಣಿಮೆಯ ಚಂದ್ರ ಘಟ್ಟದ ಮೇಲೆ ಬಂತು. ಏಳು ದಾಟಿದ ಮೇಲೆ ತಾಂಡೇಲರು ಅಳಿವೆಯ ಕಡೆ ನೋಡಿ, ಬೆಳ್ಳಗೆ ಒಡೆಯುತ್ತಿದ್ದ ಗೆರೆಯಲ್ಲಿ ಒಂದು ಕಡೆ ಕಪ್ಪಾಗಿದ್ದನ್ನು ತೋರಿಸಿ "ಅಲ್ಲಿ ನೀರಿದೆ" ಎಂದರು. ನಮ್ಮ ದೋಣಿಯನ್ನು ಉದ್ದ ಹಗ್ಗದಲ್ಲಿ ಹಿಂದೆ ಕಟ್ಟಿಕೊಂಡು ಒಳಗೆ ಹೋದೆವು. ದಕ್ಕೆಯಲ್ಲಿ ರಿಕ್ಷಾ ಕಾಯುತ್ತಿತ್ತು.

ಅವನಿಗೆ ಶಸ್ತ್ರಚಿಕಿತ್ಸೆ ಆಯಿತು, ಲೋಹದ ಪಟ್ಟಿ ಕೂರಿಸಿದರು. ಆ ಸಲದ ಪರೀಕ್ಷೆ ಬರೆಯಲಾಗಲಿಲ್ಲ. ತಂಗಿಗೆ ನಾನು ಹೇಳಿದ್ದು: ಪೆಟ್ರೋಲಿನಲ್ಲಿ ನೀರಿತ್ತು, ಇಂಜಿನ್ ಕೈಕೊಟ್ಟಿತು. ಬಹಳ ದಿನ ಎಲ್ಲರಿಗೂ ಅದನ್ನೇ ಹೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಭಟ್ಕಳದ ಮಾತನ್ನು ಮಾತ್ರ ಬಿಟ್ಟಿದ್ದೆ. ಅಳಿಯನೂ ಅದನ್ನು ತಾಯಿಯ ಹತ್ತಿರ ಎತ್ತಲಿಲ್ಲ. ಅವನು ಎತ್ತಲಿಲ್ಲ ಎಂಬುದೇ ನನಗೆ ತಡೆಯಲಾಗದೆ, ಒಂದು ಸಂಜೆ ತಂಗಿಯ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ಕೆಲಸ ನಿಲ್ಲಿಸಿ ಕೇಳಿದಳು. "ಅಣ್ಣಾ, ಕೂರ್ಮಗಡದ್ದು ಮರೆತು ಹೋಯ್ತಾ ನಿನಗೆ?" ಎಂದಳು. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆ ಮುಗಿಸಿ ಮರಳುವಾಗ ದೋಣಿ ಮಗುಚಿ ಮಕ್ಕಳೂ ದೊಡ್ಡವರೂ ತೀರಿಕೊಂಡಿದ್ದರು. ಆ ದಿನ ಟಿವಿ ಮುಂದೆ ಕೂತು ಅತ್ತವರಲ್ಲಿ ನಾನೂ ಇದ್ದೆ.

ದೋಣಿ ಕಾಸರಕೋಡದಲ್ಲೇ ಇತ್ತು. ಹಣ ಕೊಡಲು ಹೋದರೆ ತಾಂಡೇಲರು ಡೀಸೆಲಿನ ದುಡ್ಡು ಮಾತ್ರ ತೆಗೆದುಕೊಂಡರು. ಜಗಲಿಯಲ್ಲಿ ಕೂರಿಸಿ, "ಅಳಿವೆ ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಹೊರಟಿದ್ರಾ?" ಎಂದರು. ಇಲ್ಲವೆಂದೆ. "ಯಾವ ತಿಥಿ ಅಂತ ಗೊತ್ತಿತ್ತಲ್ಲ?" ಎಂದರು. ಗೊತ್ತಿತ್ತು, ತಿಥಿ ನೋಡಿಯೇ ಹೊರಟಿದ್ದೆ. "ಹಾಗಾದ್ರೆ ಅಳಿವೆಯೂ ಗೊತ್ತಿದ್ದ ಹಾಗೇ."

ಅವರು ಹೇಳಿದ ಲೆಕ್ಕ ಇದು. ಹುಣ್ಣಿಮೆಗೂ ಅಮಾವಾಸ್ಯೆಗೂ ನಮ್ಮ ಕಡೆ ಹಗಲಿನ ಭರತ ಹನ್ನೊಂದು–ಹನ್ನೆರಡರ ಸುಮಾರಿಗೆ ತುಂಬುತ್ತದೆ. ಅಲ್ಲಿಂದ ಆರು ತಾಸಿಗೆ, ಸಂಜೆ ಐದು ದಾಟುವಾಗ, ಇಳಿತ ತಳ ಮುಟ್ಟುತ್ತದೆ. ಆ ದಿನಗಳಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು, ಸೆಳೆತವೂ ಜೋರು. ದಿನ ಕಳೆದ ಹಾಗೆ ಭರತ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಅದು ಸಂಜೆಗೆ ಸರಿದಿರುತ್ತದೆ, ಆದರೆ ಆಗಿನ ನೀರಿಗೆ ಬಲ ಕಡಿಮೆ. ಸರಿಯಾದ ನಿಮಿಷ ಬೇಕಾದರೆ ಭರತ–ಇಳಿತದ ಪಟ್ಟಿ ನೋಡಬೇಕು. ಆದರೆ ಬೆರಳಿನ ಮೇಲಿನ ಈ ಎಣಿಕೆ ಗೊತ್ತಿದ್ದವನು ಮಾಘ ಹುಣ್ಣಿಮೆಯ ಸಂಜೆ ನಾಲ್ಕೂವರೆಗೆ ಶರಾವತಿಯ ಬಾಯಿಗೆ ಹೋಗಿ ನಿಲ್ಲುತ್ತಿರಲಿಲ್ಲ. ಮುಹೂರ್ತಕ್ಕೆ ನಾನು ನೋಡಿದ ಪಂಚಾಂಗದ ಅದೇ ಸಾಲಿನಲ್ಲಿ ಉತ್ತರವಿತ್ತು.

ಮತ್ತೊಂದು ಮಾತನ್ನೂ ಅವರು ಹೇಳಿದರು. ಹೊರಡುವಾಗ ಒಂದೂರಿನ ಹೆಸರು ಹಿಡಿದು ಹೊರಡಬಾರದು, ದಾರಿಯ ಪ್ರತಿ ಬಂದರವನ್ನೂ ಹಿಡಿಯಬೇಕು. ಗಂಗೊಳ್ಳಿಗೆ ಒಳಗೆ ಹೋಗಲು ಎಷ್ಟು ಹೊತ್ತಿನ ತನಕ ಆಗುತ್ತದೆ, ಭಟ್ಕಳಕ್ಕೆ ಎಷ್ಟು ಹೊತ್ತಿನ ತನಕ, ಹೊನ್ನಾವರಕ್ಕೆ ಎಷ್ಟು. ಒಂದು ಬಾಗಿಲು ಮುಚ್ಚುವ ಮೊದಲು ಮುಂದಿನದು ತೆರೆದಿರುತ್ತದೆಯೇ ಎಂದು ನೋಡದೆ ಅದನ್ನು ದಾಟಬಾರದು. ಭಟ್ಕಳವನ್ನು ನಾನು ದಾಟಿದಾಗ ಮುಂದೆ ಯಾವ ಬಾಗಿಲೂ ತೆರೆದಿರಲಿಲ್ಲ. ತದಡಿಯ ಅಳಿವೆಯೂ ಆ ಸಂಜೆ ಅದೇ ಇಳಿತದಲ್ಲಿತ್ತು. ಅಲ್ಲಿಯ ತನಕ ಹೋಗಿದ್ದರೂ ಇದೇ ಆಗುತ್ತಿತ್ತು, ಪೂಜೆಗೆ ಬಂದವರ ಕಣ್ಣೆದುರೇ.

ಟ್ಯಾಂಕನ್ನು ಬಿಚ್ಚಿ ತೊಳೆಸಿದೆ. ಫಿಲ್ಟರ್ ಹೊಸದು ಹಾಕಿಸಿ, ಬದಲಿಯನ್ನೂ ಇಟ್ಟೆ. ದೋಣಿಯನ್ನು ಮರಳಿನ ಮೇಲೆ ಎಳೆದು ತಳ ಕೆರೆದಾಗ ಉದುರಿದ ಚಿಪ್ಪು ಎರಡು ಬುಟ್ಟಿ ತುಂಬಿತು. ಲಂಗರಿಗೆ ಸರಪಳಿ ಸೇರಿಸಿ 60 ಮೀಟರ್ ಹಗ್ಗ ಕಟ್ಟಿದೆ, 16ನೇ ಚಾನೆಲ್ ಸಿಗುವ ವೈರ್‌ಲೆಸ್ ತಂದೆ. ಪೆಟ್ರೋಲಿಗೆ ಈಗ ಹಳೆಯ ನಿಯಮವನ್ನೇ ಪಾಲಿಸುತ್ತೇನೆ: ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಮೈಲಿಗೆ ಎಷ್ಟು ಎಂಬುದನ್ನು ಯಾರ ಮಾತಿನಿಂದಲೂ ತೆಗೆದುಕೊಳ್ಳುವುದಿಲ್ಲ, ನನ್ನ ಭಾರ ಹೊತ್ತು ನನ್ನ ದೋಣಿ ಅಲೆಯಲ್ಲಿ ಸುಟ್ಟದ್ದನ್ನೇ ಹಿಡಿಯುತ್ತೇನೆ. ಈ ವಿಷಯಗಳೆಲ್ಲ ದುಡ್ಡು ಕೊಟ್ಟರೆ ಆಗುವಂಥವು, ಹೆಚ್ಚು ಹೇಳಬೇಕಾಗಿಲ್ಲ.

ಹೊನ್ನಾವರದಿಂದ ತದಡಿಗೆ ದೋಣಿ ಬಂದದ್ದು ಕೃಷ್ಣ ತ್ರಯೋದಶಿಯ ಬೆಳಿಗ್ಗೆ. ಅಮಾವಾಸ್ಯೆಗೆ ಎರಡು ದಿನ ಮೊದಲು ಭರತ ಒಂಬತ್ತೂವರೆ–ಹತ್ತಕ್ಕೆ ತುಂಬುತ್ತದೆ. ತದಡಿಗೆ ಒಂಬತ್ತಕ್ಕೆ ಒಳಗೆ ಹೋಗಬೇಕು, ನೀರು ಇನ್ನೂ ಏರುತ್ತಿರಬೇಕು, ಮರಳಿಗೆ ಹತ್ತಿದರೂ ಅದು ದೋಣಿಯನ್ನು ಎತ್ತಿಕೊಳ್ಳಬೇಕು. ಹದಿನಾರು ಮೈಲಿಗೆ ಎರಡು ತಾಸು. ಅಂದರೆ ಹೊನ್ನಾವರದ ಅಳಿವೆ ಏಳಕ್ಕೆ, ಅಲ್ಲೂ ಅರ್ಧ ಭರತ, ನೆಲಗಾಳಿ. ತಾಂಡೇಲರು ಮುಂದೆ ತಮ್ಮ ಬೋಟಿನಲ್ಲಿ ದಾರಿ ತೋರಿಸಿ ಅಳಿವೆ ದಾಟಿಸಿದರು. ತದಡಿ ದಕ್ಕೆಯಲ್ಲಿ ಯಾರಿಗೂ ಬರಲು ಹೇಳಿರಲಿಲ್ಲ.

ಹೇಳಿದ್ದು ತಂಗಿಗೆ ಮಾತ್ರ, ಅದೂ ಬೇರೆ ಥರ. ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು ಹೇಳುವ ಬದಲು, ಎಷ್ಟು ಹೊತ್ತಿನ ತನಕ ನನ್ನ ಫೋನು ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದುಕೊಟ್ಟೆ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554, ದೋಣಿಯ ಬಣ್ಣ, ಆಳುಗಳ ಹೆಸರು, ದಾರಿಯ ಯಾವ ಬಂದರಕ್ಕೆ ತಿರುಗಬಹುದು ಎಂಬುದು. ಮುಟ್ಟುವ ಹೊತ್ತು ಎಂಬುದು ದೋಣಿಯಲ್ಲಿರುವವನ ಬೆನ್ನಿಗೆ ಚುಚ್ಚುವ ಗಡಿಯಾರ. ಇಂಥ ಕಾಗದ ಇದ್ದರೆ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಒಂದು ಫೋನು ಮಾಡಿದರೆ ಮುಗಿಯಿತು.

ಆ ಕಾಗದವನ್ನು ತಂಗಿ ಈಗ ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಅಳಿಯನ ಕೈ ಮುಷ್ಟಿ ಪೂರ್ತಿ ಕಟ್ಟುವುದಿಲ್ಲವಾದರೂ ಅವನು ನನ್ನ ಜೊತೆ ಬರುತ್ತಾನೆ, ಅವನನ್ನು ಕಳಿಸುವ ಮೊದಲು ಅವಳು ಒಂದೊಂದು ಸಾಲನ್ನೂ ಓದುತ್ತಾಳೆ. ಕಾರವಾರಕ್ಕೆ ಹೋಗುವ ಕಾಗದ ಕೊಟ್ಟಾಗ ಅಂಜುದೀವದ ಕಡೆ ನೌಕಾಪಡೆಯ ಜಾಗಕ್ಕೆ ಎಷ್ಟು ದೂರದಲ್ಲಿ ಹೋಗುತ್ತೀರಿ ಎಂದು ಕೇಳಿದಳು. ಅದು ಬರೆದಿತ್ತು. ಗಾಳಿ ಎದ್ದರೆ ಎಲ್ಲಿ ನಿಲ್ಲುತ್ತೀರಿ ಎಂದಳು. ಬೇಲೇಕೇರಿ, ಹನ್ನೊಂದರೊಳಗೆ ಎಂದೂ ಬರೆದಿತ್ತು. ಕಾಳಿ ಹೊಳೆಯ ಬಾಯಿಯಲ್ಲಿ ಮರಳು ಈ ವರ್ಷ ಯಾವ ಬದಿಗಿದೆ ಎಂದಳು. ಅದು ನನಗೆ ಗೊತ್ತಿರಲಿಲ್ಲ. ಅಲ್ಲಿಯ ಬೋಟಿನವರನ್ನು ಕೇಳಿ ಹೇಳುತ್ತೇನೆಂದು ತಾಂಡೇಲರು ಒಪ್ಪಿಕೊಂಡಿದ್ದಾರೆ. ಅವರ ಫೋನು ಬರುವ ತನಕ ಕಾಗದ ತಂಗಿಯ ಹತ್ತಿರವೇ ಇದೆ.